ಐದನೇ ನಂಬರು ಧ್ವನಿಗೆ

ಲ್ಯಾಬಿನ ಅಕ್ಕೋರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಅಂಬರನಾಥದ ರೇಡಿಯೋ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಬೆಸುಗೆ ಹಾಕಿ ಅದರ ತುದಿ ಸುಟ್ಟು ಗಂಟುಕಟ್ಟಿತ್ತು. ಚಳಿಗೆ ಅದು ಸೀಳುಬಿಡುತ್ತಿತ್ತು, ಹಾಗಾಗಿ ಪರ್ಸಿನಲ್ಲಿ ಸದಾ ಒಂದು ಬ್ಯಾಂಡೇಜ್ ಪಟ್ಟಿ. ಅದೇ ಪಟ್ಟಿಯಿಂದ ಶಾಲೆಯ ಪ್ರತಿ ಕಂಪ್ಯೂಟರಿನ ಮುಚ್ಚಳದ ಒಳಗೂ ಒಂದು ಚೀಟಿ ಅಂಟಿಸಿಟ್ಟಿದ್ದರು.

ನಮ್ಮದು ಡೊಂಬಿವಲಿಯ ಕನ್ನಡ ಶಾಲೆ. ನಾನು ಕನ್ನಡ ಟೀಚರು. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಯಾವುದೋ ಕಚೇರಿಯವರು ಎಸೆಯಬೇಕೆಂದಿದ್ದ ಎಂಟು ಕಂಪ್ಯೂಟರುಗಳನ್ನು ನಮಗೆ ದಾನ ಕೊಟ್ಟು ಫೋಟೋ ತೆಗೆಸಿಕೊಂಡರು. ದಾನದ ದನದ ಹಲ್ಲು ಎಣಿಸಬಾರದಂತೆ. ಎಣಿಸಲು ಇವಕ್ಕೆ ಹಲ್ಲೇ ಇರಲಿಲ್ಲ. ಅಕ್ಕೋರು ಟಿಟ್ವಾಳಾದ ಮನೆಯಿಂದ ಬರುವ ಟ್ರೇನಿನಲ್ಲಿ ನಿಂತುಕೊಂಡೇ ಪ್ರಿಂಟ್‌ಔಟ್ ಓದಿ, ಎಂಟಕ್ಕೂ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿದರು.

ಕಷ್ಟ ಕೊಟ್ಟದ್ದು ದನಿ ಹೊರಡಿಸುವ ಸೌಂಡ್ ಕಾರ್ಡು. ಹೊಸ ಕಾರ್ಡುಗಳು ತಮ್ಮ ಪರಿಚಯ ತಾವೇ ಹೇಳಿಕೊಳ್ಳುತ್ತವೆ. ಈ ಹಳೆಯವು ಯಾವ ಬಾಗಿಲಿನಿಂದ ಬರಬೇಕು, ಯಾವ ನಂಬರಿನ ಗಂಟೆ ಬಾರಿಸಿ ಕಂಪ್ಯೂಟರನ್ನು ಕರೆಯಬೇಕು, ಯಾವ ಕಾಲುವೆಯಲ್ಲಿ ದನಿ ಹರಿಸಬೇಕು ಎಂದು ನಾವೇ ಡ್ರೈವರ್ ಎಂಬ ಪ್ರೋಗ್ರಾಮಿಗೆ ಟೈಪ್ ಮಾಡಿ ತಿಳಿಸಬೇಕು. ಇನ್ನೂರಿಪ್ಪತ್ತು, ಐದು, ಒಂದು. ಗಂಟೆಯ ನಂಬರು ಐದು. ಅದನ್ನು ಇನ್ನೊಂದು ಕಾರ್ಡಿಗೂ ಕೊಟ್ಟರೆ ಕೆಟ್ಟಿತು.

"ಟ್ರೇನಿನ್ಯಾಗ ಒಂದು ಸೀಟಿಗೆ ಇಬ್ರು ಕುಂತ್ರ ಜಗಳಾನಾದ್ರೂ ಆಗತೈತ್ರಿ ಟೀಚರ. ಇಲ್ಲಿ ಜಗಳಾನೂ ಇಲ್ಲ. ಒಬ್ರ ಬಾಯಿ ಕಟ್ಟಿಹೋಗತೈತಿ," ಎನ್ನುತ್ತಿದ್ದರು. ಚೀಟಿಯಲ್ಲಿ ಬರೆದದ್ದೂ ಅದೇ: 'ಐದನೇ ನಂಬರು ಧ್ವನಿಗೆ ಕೊಟ್ಟೀನಿ. ಬ್ಯಾರೆಯವರಿಗೆ ಕೊಡಬ್ಯಾಡ್ರಿ.'

ಅಷ್ಟೆಲ್ಲ ಪಾಡು ಯಾಕೆಂದರೆ, ದಿನವಿಡೀ ಹಿಂದಿಯಲ್ಲೇ ಉತ್ತರಿಸುವ ನಮ್ಮ ಮಕ್ಕಳಿಂದ ಅವರು ಕನ್ನಡ ಪಾಠ ಓದಿಸಿ ರೆಕಾರ್ಡ್ ಮಾಡುತ್ತಿದ್ದರು. ತಮ್ಮ ದನಿ ಪೆಟ್ಟಿಗೆಯಿಂದ ಬಂದರೆ ಮಕ್ಕಳು ಕುಣಿಯುತ್ತಿದ್ದವು, ಇನ್ನೊಮ್ಮೆ ಓದುತ್ತೇನೆಂದು ಜಗಳಾಡುತ್ತಿದ್ದವು. ನನ್ನ ತರಗತಿಯಲ್ಲಿ ಯಾವ ಮಗುವೂ ಹಾಗೆ ಹಟ ಹಿಡಿದದ್ದಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆರು ವರ್ಷದಿಂದ ಅಕ್ಕೋರ ಕೆಲಸ ತಾತ್ಕಾಲಿಕ. ಡಿಗ್ರಿ ಇಲ್ಲವಲ್ಲ. ಕೊನೆಗೊಮ್ಮೆ ಟ್ರಸ್ಟಿನ ಅಧ್ಯಕ್ಷರು, ನಾಲ್ಕು ಹೋಟೆಲುಗಳ ಧಣಿ, ಲ್ಯಾಬ್ ನೋಡಿ ಕಾಯಂ ಮಾಡುವುದೋ ಬಿಡುವುದೋ ಹೇಳುತ್ತೇನೆಂದರು. ಆ ದಿನ ನನ್ನದೂ ಏನಾದರೂ ಅವರ ಕಣ್ಣಿಗೆ ಬೀಳಲಿ ಎಂಬ ಆಸೆ ನನಗೆ. ಲ್ಯಾಬಿನಿಂದ ಆಫೀಸಿಗೆ ವೈರು ಎಳೆದು ಮಕ್ಕಳ ಅಂಕಪಟ್ಟಿ ತೋರಿಸೋಣವೆಂದು, ಮಾಜಿವಾಡಾದಲ್ಲಿ ಹಳೆ ಕಂಪ್ಯೂಟರಿನ ಅಂಗಡಿಯಿಟ್ಟಿದ್ದ ನನ್ನ ತಮ್ಮನಿಂದ ಹಳೆಯ ನೆಟ್‌ವರ್ಕ್ ಕಾರ್ಡೊಂದನ್ನು ತಂದೆ. ಹಿಂದಿನ ಸಂಜೆ, ಅಕ್ಕೋರು ಟ್ರೇನಿಗೆ ಹೋದ ಮೇಲೆ, ಅವರು ಪಾಠ ರೆಕಾರ್ಡ್ ಮಾಡುವ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಸಿಕ್ಕಿಸಿದೆ. ಅದಕ್ಕೂ ಐದೇ ನಂಬರು ಎಂದು ತಮ್ಮ ಹೇಳಿದ್ದ. ಚೀಟಿಯನ್ನೂ ಓದಿದೆ. 'ಇವರದ್ದೊಂದು ಶಾಸ್ತ್ರ' ಎಂದು ಮುಚ್ಚಳ ಹಾಕಿದೆ.

ಮರುದಿನ ಅಧ್ಯಕ್ಷರ ಎದುರು ಅಕ್ಕೋರು ಮೂರನೇ ಕ್ಲಾಸಿನ ಹುಡುಗಿಯ ಪಾಠ ಹಾಕಿದರು. 'ನಮ್ಮ ಮನೆ' ಎಂದಿತು ಪೆಟ್ಟಿಗೆ. ಮತ್ತೆ 'ನಮ್ಮ ಮನೆ'. ಮತ್ತೆ, ಮತ್ತೆ ಅದೇ. ಮುಂದಕ್ಕೆ ಹೋಗಲೇ ಇಲ್ಲ.

"ಎಂತ ಮಾರಾಯ್ರೆ, ಮಗುವಿಗೆ ಬಿಕ್ಕಳಿಕೆಯಾ?" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಕ್ಕೋರು ಮುಚ್ಚಳ ತೆಗೆದು ಇಣುಕಿದರು. ಹೊಸದಾಗಿ ಬಂದು ಕುಳಿತ ಕಾರ್ಡು ಕಂಡಿತು. ನನ್ನ ವೈರೂ ಕಂಡಿತು. ತಲೆಯೆತ್ತಿ ನನ್ನನ್ನು ನೋಡಿದರು.

"ಯಾರು ಇದಕ್ಕೆ ಕೈ ಹಾಕಿದ್ದು?" ಅಧ್ಯಕ್ಷರು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿರುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ, ಹಾಜರಿ ಪುಸ್ತಕ ತಿರುವುತ್ತಾ ನಿಂತೆ. ಅಕ್ಕೋರು ನನಗಾಗಿ ಕಾದರು. ಆಮೇಲೆ ಹೇಳಿದರು: "ಲ್ಯಾಬ್ ನಂದ್ರಿ. ನಾನ ನೋಡಬೇಕಿತ್ತು. ಐದು ನಿಮಿಷ ಕೊಡ್ರಿ, ಸರಿ ಮಾಡ್ತೀನಿ."

ಐದು ನಿಮಿಷ ಯಾರಿಗಿದೆ? ಅಧ್ಯಕ್ಷರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ತಿಂಗಳ ಕೊನೆಗೆ ಅಕ್ಕೋರನ್ನು ಬಿಡಿಸಿದರು. ಪೆಟ್ಟಿಗೆಗಳು ಭಂಗಾರದವನ, ಅಂದರೆ ಗುಜರಿಯವನ, ಗಾಡಿ ಹತ್ತಿದವು, ಮಕ್ಕಳ ದನಿಗಳು ಒಳಗಿದ್ದ ಹಾಗೆಯೇ.

ಕೊನೆಯ ದಿನ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಸಿಕ್ಕರು. ಬೈಯಲಿ ಎಂದುಕೊಂಡೆ. "ಒಂದ ಮಾತು ಅಂದಿದ್ರ ಸಾಕಿತ್ತಲ್ರಿ ಟೀಚರ," ಎಂದಷ್ಟೇ ಹೇಳಿ ಮೆಟ್ಟಿಲಿಳಿದರು. ಮತ್ತೆ ಅಂಬರನಾಥಕ್ಕೇ ಹೋದರಂತೆ, ಡಬ್ಬಿ ಪ್ಯಾಕ್ ಮಾಡುವ ಕೆಲಸಕ್ಕೆ. ನಾನು ಮುಖ್ಯೋಪಾಧ್ಯಾಯಿನಿಯಾದೆ.

ಹತ್ತು ವರ್ಷದ ಮೇಲೆ ಅವರು ತೀರಿಕೊಂಡರು. ಶಾಲೆಯಲ್ಲೇ ಸಂತಾಪಸಭೆ ಇಟ್ಟೆವು, ಹೊಸ ಕಂಪ್ಯೂಟರುಗಳ ಲ್ಯಾಬಿನಲ್ಲಿ. ಅಲ್ಲಿ ಈಗ ಯಾರೂ ಕನ್ನಡ ಓದಿ ರೆಕಾರ್ಡ್ ಮಾಡುವುದಿಲ್ಲ. ನಾಚಿಕೆಗೆಟ್ಟ ನಾನು ಎದ್ದುನಿಂತು "ಶ್ರಮಜೀವಿ" ಎಂದೆ, "ತುಂಬಲಾಗದ ನಷ್ಟ" ಎಂದೆ. ಚಪ್ಪಾಳೆ ಹೊಡೆಯುವ ಸಭೆಯಲ್ಲ, ನನ್ನ ಪುಣ್ಯ.

ಸಭೆ ಮುಗಿದ ಮೇಲೆ ಅವರ ಮಗಳು ಹತ್ತಿರ ಬಂದಳು. ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಹಿಂದಿ. "ಟೀಚರ್, ಮಮ್ಮಿ ಸೇ ಗಲತಿ ಕ್ಯಾ ಹುಯೀ ಥೀ?" ಎಂದಳು. ಅಮ್ಮನಿಂದ ಆದ ತಪ್ಪಾದರೂ ಏನು ಎಂದು. ಮನೆಯಲ್ಲಿ ಅಕ್ಕೋರು ಕೊನೆಯವರೆಗೂ ಹೇಳಿರಲಿಲ್ಲ.

ಉತ್ತರ ಎರಡೇ ಮಾತಿನದು. ಅದು ನನ್ನ ನಾಲಿಗೆಯ ತುದಿಗೂ ಬಂದಿತ್ತು.

ಅವಳ ಕೈಗೆ ಚಹಾದ ಕಪ್ಪು ಕೊಟ್ಟು, "ಸಕ್ಕರೆ ಸಾಕಾ?" ಎಂದು ಕೇಳಿದೆ.