ಬಳೆಗಾರ್ತಿ ಗಂಗವ್ವ ಕಂಡ ಕಪ್ಪು

ಸಂಕ್ರಮಣಕ್ಕೆ ಬಳೆ ತೊಡಿಸಲು ಬಂದ ಗಂಗವ್ವ ನನ್ನ ಹೆಂಡತಿ ಸರೋಜಾಳ ಕೈ ಹಿಡಿದವಳು ಬಿಡಲೇ ಇಲ್ಲ.

"ಮಾಸ್ತರ್ರ, ಅಕ್ಕಾರನ್ನ ಡಾಕ್ಟರಿಗೆ ತೋರಸ್ರಿ. ಪಂಚಮಿಗೆ ಹಾಕಿದ್ದಕ್ಕಿಂತ ಎರಡ ಅಳತಿ ಸಣ್ಣ ಬಳಿ ಈಗ ಸಲೀಸ ಹೋಗಾಕತ್ತಾವ. ಅಂಗೈ ಗೆರಿನೂ ಆಗ ಹಿಂಗ ಕರ್ರಗ ಇದ್ದಿದ್ದಿಲ್ಲ."

ನಾನು ನಕ್ಕೆ. ಬೈಲಹೊಂಗಲದ ಬಿಸಿಲಿಗೆ ಯಾರು ಕಪ್ಪಾಗುವುದಿಲ್ಲ? (ನನ್ನನ್ನೇ ನೋಡಿ.)

ಗಂಗವ್ವ ನಗಲಿಲ್ಲ. "ಬಿಸಲು ಕೈ ಮ್ಯಾಲ ಬೀಳತೈತ್ರಿ. ಅಂಗೈ ಗೆರ್‍ಯಾಗ ಹೆಂಗ ಹೊಕ್ಕೀತು?"

ಇಂಥ ಪಾಯಿಂಟು ನನಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು. ಸಂಪಗಾಂವದಲ್ಲಿ ಬಸ್ಸಿಳಿದು ತನ್ನ ಶಾಲೆ ಮುಟ್ಟುವಷ್ಟರಲ್ಲಿ ಸರೋಜಾಳಿಗೆ ಸುಸ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಉಪ್ಪಿನಕಾಯಿಗೂ ಮೇಲೆ ಉಪ್ಪು ಹಾಕಿಕೊಳ್ಳುತ್ತಿದ್ದಳು. ತೂಕ ಇಳಿದಾಗ "ಡಯೆಟಿಂಗಾ?" ಎಂದು ಛೇಡಿಸಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮೂರ ಡಾಕ್ಟರು ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ನೋಡಿದರು. ನಿಂತಾಗ ಸರ್ರನೆ ಇಳಿದಿತ್ತು. ಒಸಡಿನಲ್ಲೂ ಕಪ್ಪು. "ಯಾವಾಗಿಂದ ಹಿಂಗಾಗೇತ್ರಿ?" ಎಂದು ಕೇಳಿದರು. ಪಂಚಮಿಗೆ ಇರಲಿಲ್ಲ, ಸಂಕ್ರಮಣಕ್ಕೆ ಇತ್ತು ಎಂದು ಗಂಗವ್ವ ಹೇಳಿದ್ದನ್ನೇ ಹೇಳಿದೆ. ಡಾಕ್ಟರು ಅದನ್ನೇ ಬರೆದುಕೊಂಡರು.

ಅವರು ಕಳಿಸಿದ ಬೆಳಗಾವಿಯ ಆಸ್ಪತ್ರೆಯಲ್ಲಿ ಬೆಳಿಗ್ಗೆ ಎಂಟಕ್ಕೇ ರಕ್ತ ತೆಗೆದರು. (ಕಾರ್ಟಿಸಾಲ್ ಎಂಬ ಹಾರ್ಮೋನು ಆಗ ಹೆಚ್ಚಿರಬೇಕಂತೆ, ಇವಳಲ್ಲಿ ಇದ್ದೂ ಇಲ್ಲದಂತಿತ್ತು.) ಇಂಜೆಕ್ಷನ್ ಕೊಟ್ಟು ಮತ್ತೆ ಪರೀಕ್ಷಿಸಿದರೂ ಏರಲಿಲ್ಲ. ಮೂತ್ರಪಿಂಡಗಳ ಮೇಲೆ ಕೂತಿರುವ ಪುಟ್ಟ ಅಡ್ರಿನಲ್ ಗ್ರಂಥಿಗಳು ಕೆಲಸ ಬಿಟ್ಟಿದ್ದವು. ಹಾಗಾದಾಗಲೇ ಅಂಗೈ ಗೆರೆ, ಒಸಡು ಕಪ್ಪಾಗುತ್ತವಂತೆ, ನಾಲಿಗೆ ಉಪ್ಪು ಬೇಡುತ್ತದಂತೆ. ಕೆಲವರಿಗೆ ಮೈಯ ರಕ್ಷಣಾ ಶಕ್ತಿಯೇ ಅವುಗಳ ಮೇಲೆ ತಿರುಗಿಬೀಳುತ್ತದಂತೆ. ಇವಳಿಗೆ ಚಿಕ್ಕಂದಿನ ಟಿಬಿ ಅಲ್ಲಿ ಅಡಗಿ ಕೂತಿತ್ತು.

"ತಡಾ ಮಾಡಿದ್ರ ಒಂದ ಸಣ್ಣ ಜ್ವರಾನೂ ಜೀವಕ್ಕ ಕುತ್ತಾಗತಿತ್ರಿ" ಎಂದರು ಅಲ್ಲಿನ ಡಾಕ್ಟರು.

ಇನ್ನು ಜೀವನಪೂರ್ತಿ ಮಾತ್ರೆ. ಇರಲಿ. ಈಗ ಸರೋಜಾ ಬಸ್ಸಿಗೆ ಓಡುತ್ತಾಳೆ, ನಾನು ಏದುಸಿರು ಬಿಡುತ್ತ ಹಿಂದೆ.

ಗಂಗವ್ವನಿಗೆ ಕೈ ಮುಗಿದೆ. "ನಂದೇನೈತ್ರಿ, ಕೈ ನೋಡಿ ಬಳಿ ಹಾಕೂದ ನನ್ನ ಕಸಬು" ಎಂದು ಬುಟ್ಟಿ ಎತ್ತಿಕೊಂಡಳು. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಗಳು. ಊರ ಹೆಂಗಸರ ಕೈಗಳೆಲ್ಲ ಆಕೆಯ ನೆನಪಿನಲ್ಲಿವೆ. ಅಂಥ ಕಣ್ಣಿಗೆ ನಾನು ಶರಣು.

ದಿನಾ ಬೆಳಿಗ್ಗೆ ಅದೇ ಕೈಯಿಂದ ಚಹಾ ಇಸಿದುಕೊಳ್ಳುವಾಗ ನಾನು ಏನು ನೋಡುತ್ತಿದ್ದೆ?

ಪೇಪರು. ನೀವು ಈಗ ನೋಡುತ್ತಿರುವ ಹಾಗೆ.