ಹನ್ನೆರಡನೆಯ ಫೋಟೋ

ಆ ಡಬ್ಬಿ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಫೋಟೋ. ಇದನ್ನು ಆ ದಿನ ಮನೆಯವರಿಗೆ ಎಷ್ಟು ಸಲ ಹೇಳಿದೆನೋ, ನನ್ನ ಬಾಯಿ ನೋವಾಯಿತೇ ಹೊರತು ಒಬ್ಬರ ಕಿವಿಗೂ ಬೀಳಲಿಲ್ಲ.

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದಲ್ಲಿ ನಮ್ಮದು ಬಟ್ಟೆ ಅಂಗಡಿ, ನಾನು ಬಿ.ಎಸ್ಸಿ. ಓದುತ್ತಿದ್ದ ಹುಡುಗಿ. ದೀಪಾವಳಿ ರಜೆ ಮುಗಿಯುವುದರೊಳಗೆ ಒಣಭೂಮಿಯ ಆರು ಗಿಡಗಳ ಫೋಟೋ ತರಬೇಕೆಂದು ಸಸ್ಯಶಾಸ್ತ್ರದ ಮೇಡಂ ಹೇಳಿದ್ದರು. ಗೆಳತಿಯ ಅಣ್ಣನ ಕ್ಯಾಮೆರಾವನ್ನು ಕಾಡಿ ಬೇಡಿ ಒಂದು ದಿನದ ಮಟ್ಟಿಗೆ ತಂದಿದ್ದೆ. ಸರಿಯಾಗಿ ಅದೇ ದಿನ ತಡವಳದಿಂದ ಅಪ್ಪನ ತಮ್ಮ ಕಾಕಾ, ಅವರ ಹೆಂಡತಿ ಕಾಕು, ಅವರ ಮಕ್ಕಳು ಎಸ್.ಟಿ. ಬಸ್ಸಿನಲ್ಲಿ ಬಂದಿಳಿದರು. ಕೆರೆಯ ಪಕ್ಕದ ಉದ್ಯಾನದಲ್ಲಿ ಮಕ್ಕಳ ರೈಲು ಬಂದಿದೆಯಂತೆ, ಮೇಲಕ್ಕೂ ಕೆಳಕ್ಕೂ ತಿರುಗುವ ತೊಟ್ಟಿಲುಗಳ ಆಕಾಶಪಾಳಣಾ ಬಂದಿದೆಯಂತೆ, ಎಲ್ಲರೂ ಹೋಗಲೇಬೇಕಂತೆ.

"ಗಿಡಾ ಅಲ್ಲೂ ಅದಾವಲ್ಲ, ಅಲ್ಲೇ ತಗೀ," ಎಂದರು ಕಾಕಾ.

ಹೊರಡುವ ಮುಂಚೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದಳು. ಅವಳು ಅಪ್ಪನ ಅಕ್ಕ. ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ನನ್ನನ್ನು ಎತ್ತಿ ಬೆಳೆಸಿದವಳು. ಬುತ್ತಿಗೆ ಕಡಕ್ ಭಾಕರಿ ಕಟ್ಟುತ್ತ, ತಲೆ ಎತ್ತದೆ ಕೇಳಿದಳು: "ನಂದೂ ಒಂದು ಫೋಟೊ ತಗೀತೀಯೇನ ಮಗಳ? ನಿಮ್ಮ ಮಾಮಾಂದು ಒಂದೂ ಇಲ್ಲ. ಈಗ ಅವರ ಮಾರಿ ನೆನಪಿಗೇ ಬರಂಗಿಲ್ಲ. ನಂದೂ ಹಂಗ ಆಗಬಾರ್ದು ನೋಡು."

ನಮ್ಮ ಮನೆತನದಲ್ಲಿ ಗಂಡ ಸತ್ತವರು ಫೋಟೋಕ್ಕೆ ನಿಲ್ಲುವಂತಿರಲಿಲ್ಲ. ಯಾರೂ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. "ಕಡೀದು ನಿಂದೇ ಅತ್ತಿ, ಯಾರಿಗೂ ಹೇಳಂಗಿಲ್ಲ," ಎಂದೆ. ಗಿಡಕ್ಕೆ ಆರು, ಅತ್ತೆಗೆ ಒಂದು, ಉಳಿದ ಐದು ಈ ಬಳಗಕ್ಕೆ ಎಂದು ಮನಸ್ಸಿನಲ್ಲೇ ಹಂಚಿಟ್ಟುಕೊಂಡೆ.

ಉದ್ಯಾನದ ಬಾಗಿಲಲ್ಲೇ ಕಾಕಾ, ಕಾಕು, ನಮ್ಮವ್ವ ಸಾಲಾಗಿ ನಿಂತರು. ಇನ್ನೇನು ಗುಂಡಿ ಒತ್ತಬೇಕು, ಕಾಕು ತಡೆದಳು. "ಮೂರು ಮಂದಿ ನಿಂದರಬಾರ್ದು, ಛಲೋ ಅಲ್ಲ." ಮಕ್ಕಳು ಆಗಲೇ ರೈಲಿನ ಕಡೆ ಓಡಿದ್ದರು. ಎರಡು ಹೆಜ್ಜೆ ಆಚೆ ಅತ್ತೆ ಎಲ್ಲರ ಚೀಲ ಹಿಡಿದುಕೊಂಡು ನಿಂತಿದ್ದಳು. ನಾಲ್ಕನೆಯವಳು ಕಣ್ಣೆದುರಿಗೇ ಇದ್ದಳು. ಕಾಕಾ ಆಕಡೆ ಈಕಡೆ ನೋಡಿ, ಶೇಂಗಾ ಮಾರುತ್ತಿದ್ದವನನ್ನು ಕರೆದರು. "ಬಾರೋ ತಮ್ಮಾ, ಜರಾ ಇಲ್ಲಿ ನಿಂದರು." ಅವನು ಬುಟ್ಟಿ ಕೆಳಗಿಟ್ಟು, ತಲೆ ಸವರಿಕೊಂಡು, ನಮ್ಮವ್ವನ ಪಕ್ಕದಲ್ಲಿ ಹಲ್ಲುಕಿಸಿದು ನಿಂತ. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ ಕೆರೆ ನೋಡುತ್ತಿದ್ದಳು.

ಕಾಕಾ ಕಣ್ಣು ಮುಚ್ಚಿದರೆಂದು ಅದನ್ನೇ ಮತ್ತೊಮ್ಮೆ ತೆಗೆಯಬೇಕಾಯಿತು. ಆಮೇಲೆ ರೈಲಿನಲ್ಲಿ ಒಂದು, ರೈಲು ಇಳಿದು ಒಂದು, ಪಾಳಣಾದಲ್ಲಿ ಒಂದು, ಪಾಳಣಾ ಇಳಿದು ಕೂತ ಕಾಕಾನ ಹಟಕ್ಕೆ ಇನ್ನೊಂದು. ಆರು ಹೋದವು. ಎಕ್ಕೆ, ಜಾಲಿ, ಬೋರೆ ಎಂದು ಬೇಲಿಯುದ್ದಕ್ಕೂ ಅಲೆದು ಐದು ಗಿಡ ಮುಗಿಸಿದೆ. ಪ್ರತಿ ಸಲವೂ ಒಂದು ಮಗು ಬಂದು ಗಿಡದ ಮುಂದೆ ನಿಲ್ಲುವುದು, ನಾನು ಗದರಿ ಓಡಿಸುವುದು. ಗಿಡವೊಂದೇ ನೋಡು ಆ ದಿನ ಹೇಳಿದ ಮಾತು ಕೇಳಿದ್ದು.

ಉಳಿದದ್ದು ಒಂದು. ಬೇಲಿಯ ಮೂಲೆಯಲ್ಲಿ ತಂಗಡಿ ಗಿಡ ಮೈತುಂಬ ಹಳದಿ ಹೂ ಬಿಟ್ಟು ನಿಂತಿತ್ತು. ನಾನು ಅತ್ತೆಯ ಮುಖ ನೋಡಿದೆ.

"ನಿನ್ನ ಸಾಲೀದು ಮೊದಲ ಆಗಲಿ," ಎಂದಳು. "ನಂದೇನ ಅವಸರ."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಗಾಳಿಗೆ ಟೊಂಗೆ ಅಲುಗುತ್ತಿತ್ತು. ಅತ್ತೆ ಚೀಲ ಕೆಳಗಿಟ್ಟು ಟೊಂಗೆ ಹಿಡಿದಳು. ಬೆಳಗಿನಿಂದ ಎಲ್ಲರ ಮೇಲೂ ಬಂದ ಸಿಟ್ಟು ಅವಳ ಮೇಲೆ ಹರಿಯಿತು. "ಅತ್ತಿ, ದೂರ ಸರಿ. ಮಾರಿ ಬರಬಾರ್ದು ಇದರಾಗ," ಎಂದೆ. ಅವಳು ತೋಳು ಚಾಚಿ, ಮುಖ ಆಚೆ ತಿರುಗಿಸಿ, ಆದಷ್ಟೂ ದೂರ ನಿಂತಳು. ಒತ್ತಿದೆ.

ತೊಳೆದು ಬಂದ ಫೋಟೋಗಳಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಅಂಚಿನಲ್ಲಿ ಬಳೆಯಿಲ್ಲದ ಒಂದು ಕೈ. ಗಿಡ ಮಾತ್ರ ಇರಬೇಕೆಂದು ಮೇಡಂ ಹೇಳಿದ್ದರಿಂದ ಕತ್ತರಿ ತಗೊಂಡು ಕೈಯ ಭಾಗವನ್ನು ಕತ್ತರಿಸಿ ಹಾಕಿದೆ. ಸಂಜೆ ಕಸ ಗುಡಿಸುವಾಗ ಅತ್ತೆಯೇ ಆ ಚೂರನ್ನು ಬಳಿದು ಹೊರಗೆ ಹಾಕಿದಳು. ಮುಂದಿನ ರೋಲಿನಲ್ಲಿ ಮೊದಲನೆಯದೇ ನಿನ್ನದು ಎಂದೆ. ಹೂಂ ಎಂದಳು. ಆ ಕ್ಯಾಮೆರಾ ಮತ್ತೆ ನನ್ನ ಕೈಗೆ ಬರಲಿಲ್ಲ.

ನಾಲ್ಕು ವರ್ಷಕ್ಕೆ ಅತ್ತೆ ಹೋದಳು. ಮಾಲೆ ಹಾಕಲು ಒಂದಾದರೂ ಫೋಟೋ ಇಲ್ಲವೇನು ಎಂದು ಕಾಕಾ ಇಡೀ ಮನೆ ಹುಡುಕಿಸಿದರು. "ನಿನ್ನ ಕಡೆ ಕ್ಯಾಮೆರಾ ಇತ್ತಲ್ಲವಾ, ಒಂದರೇ ತಗೀಬಾರ್ದಿತ್ತೇನು?" ಎಂದು ನನ್ನನ್ನೇ ಕೇಳಿದರು.

ಆ ಶೇಂಗಾದವನು ನಮ್ಮ ಅಲ್ಬಮಿನಲ್ಲಿ ಈಗಲೂ ನಗುತ್ತಿದ್ದಾನೆ, ಎರಡೆರಡು ಸಲ. ಎಲ್ಲಿ ಕಂಡರೂ ಅವನನ್ನು ಗುರುತು ಹಿಡಿದೇನು. ಅತ್ತೆಯ ಮುಖವನ್ನು ಮಾತ್ರ ಇತ್ತೀಚೆಗೆ ಕಣ್ಣು ಮುಚ್ಚಿ, ಬಹಳ ಹೊತ್ತು ಕೂತು ನೆನಪಿಸಿಕೊಳ್ಳಬೇಕಾಗುತ್ತದೆ. ಕೆಲವು ದಿನ ಬರುವುದಿಲ್ಲ.