ಚಿಕ್ಕವೆಂಕಟಪ್ಪ ಅಳೆದ ಗಾಳಿ

ನಲ್ಲೂರಿನಿಂದ ಎರಡು ಮೈಲಿ ಆಚೆಗಿದ್ದ ನಲವತ್ತು ಮನೆಯ ಹಳ್ಳಿಯಲ್ಲಿ ಚಿಕ್ಕವೆಂಕಟಪ್ಪನಿಗೆ ಬೆಲೆ ಬರುತ್ತಿದ್ದುದು ವರ್ಷಕ್ಕೆ ಆರೇ ವಾರ. ರಾಗಿ ತುಳಿಸಿ ಆದ ಮೇಲೆ ಕಣದಲ್ಲಿ ಕಾಳು ಬೇರೆ, ಹೊಟ್ಟು ಬೇರೆ ಆಗಬೇಕಲ್ಲ, ಆಗ ಎಲ್ಲರಿಗೂ ಅವನು ‘ಅಣ್ಣ’. ಮೂರಡಿ ಎತ್ತರದ ಮುಕ್ಕಾಲಿಯ ಮೇಲೆ ಹತ್ತಿ, ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ ನಿಂತರೆ ಗಾಳಿಗಾಗಿ ಅರ್ಧ ದಿನ ಕಾಯುವಷ್ಟು ತಾಳ್ಮೆ ಅವನಿಗಿತ್ತು. ಬೇರೆಯವರು ಗಾಳಿ ಬೀಸಿದ ಮೇಲೆ ಮೊರ ಅಲುಗಿಸುತ್ತಿದ್ದರು. ಇವನು ಬೀಸುವುದಕ್ಕೆ ಒಂದು ಕ್ಷಣ ಮುಂಚೆ. ಕಾಳು ಮುಕ್ಕಾಲಿಯ ಬುಡಕ್ಕೆ ಬೀಳುತ್ತಿತ್ತು, ಹೊಟ್ಟು ಹಾರಿ ದೂರ ಹೋಗುತ್ತಿತ್ತು. ರಾಗಿ ಮನೆ ಸೇರಿದ ಮರುದಿನ ಅವನು ಮತ್ತೆ ಬರೀ ಚಿಕ್ಕವೆಂಕಟಪ್ಪ.

ಅವನ ಹೆಂಡತಿ ಮುತ್ತಮ್ಮನಿಗೆ ಈ ಆರು ವಾರದ ಮರ್ಯಾದೆಯಿಂದ ಏನೂ ಆಗಬೇಕಾಗಿರಲಿಲ್ಲ. ಊರಿನ ಬಾವಿ ಇಳಿಜಾರಿನ ತಳದಲ್ಲಿತ್ತು. ಐವತ್ತೆರಡು ಮೆಟ್ಟಿಲು, ಆಮೇಲೆ ಎರಡು ಫರ್ಲಾಂಗು ಏರು, ದಿನಕ್ಕೆ ಎಂಟು ಬಿಂದಿಗೆ. ಹಿಂದಿನ ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದಾಗಿನಿಂದ ಅವಳ ಎಡ ಸೊಂಟ ಹಿಡಿದುಕೊಂಡಿತ್ತು. ಕರೆಂಟಿನ ಕಂಬಗಳು ಊರಿನ ಕಡೆ ಹೊರಟಿದ್ದವು, ನಿಜ. ಆದರೆ ಚೇರ್ಮನ್ನರ ತೋಟದ ಪಂಪ್‌ಸೆಟ್ ಕಂಡ ಕೂಡಲೇ ಅವಕ್ಕೆ ಸುಸ್ತಾಗಿ ಅಲ್ಲೇ ನಿಂತುಬಿಟ್ಟಿದ್ದವು.

ಆದ್ದರಿಂದ ೧೯೬೯ರಲ್ಲಿ ಇಲಾಖೆಯೊಂದು ಊರ ಬಾವಿಗೆ ಗಾಳಿಯಂತ್ರ ಕೊಡುತ್ತದೆ, ಅದು ನೀರೆತ್ತಿ ಮೇಲಿನ ತೊಟ್ಟಿಗೆ ತುಂಬುತ್ತದೆ ಎಂದು ಸುದ್ದಿ ಬಂದಾಗ ಚಿಕ್ಕವೆಂಕಟಪ್ಪ ಎಲ್ಲರಿಗಿಂತ ಹೆಚ್ಚು ನಂಬಿದ. ಷರತ್ತು ಒಂದೇ: ಗಾಳಿ ಗಂಟೆಗೆ ಸರಾಸರಿ ಎಂಟು ಮೈಲಿ ವೇಗದಲ್ಲಿ ಬೀಸುತ್ತದೆಂದು ಒಂದು ವರ್ಷ ಅಳೆದು ತೋರಿಸಬೇಕು.

ಅಳೆಯಲು ಬಂದವರು ಸೂಪರ್‌ವೈಸರ್ ವೆಂಕಟರಮಣಪ್ಪ. ನಾಲ್ಕು ಬಟ್ಟಲು ಗಿರಗಿರ ತಿರುಗುವ ಒಂದು ಯಂತ್ರ, ಅದನ್ನು ಕೂರಿಸಲು ಹತ್ತಡಿ ಕೊಳವೆ, ಒಂದು ದಪ್ಪ ರಿಜಿಸ್ಟರ್ ಅವರ ಜೊತೆ ಬಂದವು. ಚಿಕ್ಕವೆಂಕಟಪ್ಪ ಅವರನ್ನು ನೇರವಾಗಿ ದಿಣ್ಣೆಯ ಮೇಲಿನ ಕಣಕ್ಕೆ ಕರೆದೊಯ್ದ. ಆಷಾಢದ ಗಾಳಿ. ಸಾಹೇಬರ ಕೊಡೆ ಮಗುಚಿಕೊಂಡಿತು, ರಿಜಿಸ್ಟರಿನ ಮೊದಲ ಎರಡು ಹಾಳೆ ಕಿತ್ತು ಹೋದವು. ಅವರು ಸುತ್ತ ನೋಡಿ, ಕೆಳಗೆ ಗುಂಪಾಗಿ ನಿಂತಿದ್ದ ನಾಲ್ಕು ಹುಣಿಸೆ ಮರಗಳ ಕಡೆ ಕೈ ತೋರಿಸಿದರು.

“ಕಂಬ ಅಲ್ಲಿ ನೆಡ್ರಪ್ಪ. ಇಲ್ಲಿ ಕೂತು ಬರೆಯೋಕಾಗಲ್ಲ.”

“ಗಾಳಿ ಇರೋದು ಇಲ್ಲಿ ಸ್ವಾಮಿ,” ಎಂದ ಚಿಕ್ಕವೆಂಕಟಪ್ಪ.

“ಇರಬೋದು. ರಿಜಿಸ್ಟರ್ ಇರೋದು ಅಲ್ಲಿ.”

ಮೂರನೇ ಕ್ಲಾಸಿನವರೆಗೆ ಓದಿ ಅಂಕಿ ಬಲ್ಲವನೆಂದು ಚಿಕ್ಕವೆಂಕಟಪ್ಪನನ್ನೇ ವೀಕ್ಷಕನಾಗಿ ನೇಮಿಸಿದರು. ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಓದಿ ಬರೆಯಬೇಕು. ಭಾನುವಾರ ಇಲಾಖೆಗೆ ರಜೆಯಾದ್ದರಿಂದ ಗಾಳಿಗೂ ರಜೆ. ಹುಣಿಸೆ ಮರಗಳ ಮರೆಯಲ್ಲಿ ಬಟ್ಟಲುಗಳು ಊಟ ಮಾಡಿದ ಗುಮಾಸ್ತರಂತೆ ತೂಕಡಿಸುತ್ತಿದ್ದವು; ಒಮ್ಮೊಮ್ಮೆ ಒಂದು ಕಾಗೆ ಬಂದು ಬಟ್ಟಲಲ್ಲೇ ಕೂರುತ್ತಿತ್ತು. ಎರಡೂವರೆ ಮೈಲಿ. ಎರಡು. ಎರಡೂಕಾಲು. ಯಂತ್ರ ತೋರಿಸಿದ್ದನ್ನು ಅವನು ಹಾಗೇ ಬರೆದ, ಬರೆಯುವಾಗೆಲ್ಲ ಹಲ್ಲು ಕಚ್ಚಿದ.

ವಾರ ಕಳೆದ ಮೇಲೆ ತನ್ನದೇ ಲೆಕ್ಕ ಶುರುಮಾಡಿದ. ಅಟ್ಟದಲ್ಲಿದ್ದ ಎರಡು ಮೂಟೆ ಒಣ ರಾಗಿ ಹೊಟ್ಟು ಇಳಿಸಿದ. ಒಂದು ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿದ. ಕೆಳಗಿನ ಯಂತ್ರ ಓದಿದ ತಕ್ಷಣ ಕಣಕ್ಕೆ ಹೋಗಿ, ಮುಕ್ಕಾಲಿ ಹತ್ತಿ, ಒಂದು ಬೊಗಸೆ ಹೊಟ್ಟು ಮೊರದಿಂದ ಬಿಡುವುದು. ಇಳಿದು ಅದು ಎಷ್ಟನೇ ಗಂಟಿನವರೆಗೆ ಬಿತ್ತೆಂದು ಅಳೆದು ತನ್ನದೊಂದು ಪುಸ್ತಕದಲ್ಲಿ ಬರೆದಿಡುವುದು. ಭಾನುವಾರ ಹೇಗೂ ಯಾರೂ ಬರುತ್ತಿರಲಿಲ್ಲವಾಗಿ ಬಟ್ಟಲಿನ ಯಂತ್ರವನ್ನೇ ಬಿಚ್ಚಿ ಕಣಕ್ಕೆ ಒಯ್ದು, ಬಿದಿರಿಗೆ ಕಟ್ಟಿ, ಅದರ ಪಕ್ಕದಲ್ಲೇ ಹೊಟ್ಟು ತೂರಿದ. ಹತ್ತು ಭಾನುವಾರ ಹೋಲಿಸಿದ ಮೇಲೆ ಅವನಿಗೆ ಗೊತ್ತಾಯಿತು: ಹೊಟ್ಟು ಹನ್ನೆರಡನೇ ಗಂಟು ಮುಟ್ಟಿದರೆ ಯಂತ್ರ ಎಂಟು ಮೈಲಿ ಹೇಳುತ್ತದೆ.

ಊರು ನಕ್ಕಿತು. ಮುತ್ತಮ್ಮ ಬಿಂದಿಗೆ ಸೊಂಟದಿಂದ ಇಳಿಸದೆಯೇ ಕೇಳಿದಳು: “ಏನಯ್ಯಾ, ಊರೋರ ರಾಗಿ ತೂರಿದ್ದಾಯ್ತು, ಈಗ ನಿನ್ನ ಮಾನ ತೂರ್ತಾ ಇದ್ದೀಯಾ?”

“ನಿನ್ ಸೊಂಟಕ್ಕೇ ಕಣಮ್ಮಿ ಇದು.”

“ಸೊಂಟಕ್ಕೆ ಹೊಟ್ಟು ಹಚ್ಚೋ ವೈದ್ಯ ಇವ್ನೊಬ್ನೇ,” ಎನ್ನುತ್ತಾ ಅವಳು ಒಳಗೆ ಹೋದಳು. ಆದರೆ ಮೂಟೆ ತಳ ಕಂಡಾಗ ದನದ ಮುಂದಿಟ್ಟಿದ್ದ ಹೊಟ್ಟನ್ನು ಬಾಚಿ ತಂದು ಅದಕ್ಕೆ ತುಂಬಿದವಳೂ ಅವಳೇ.

ವರ್ಷ ತುಂಬಿದಾಗ ವೆಂಕಟರಮಣಪ್ಪನವರ ಜೊತೆ ಒಬ್ಬ ಎಂಜಿನಿಯರು ಬಂದರು. ಹೊಸಕೋಟೆಯ ಹೈದರ್, ಮಿತಭಾಷಿ. ಸೂಪರ್‌ವೈಸರು ರಿಜಿಸ್ಟರ್ ತೆಗೆದು, “ಸರಾಸರಿ ಎರಡೂವರೆ, ಕಾರ್ಯಸಾಧ್ಯವಲ್ಲ,” ಎಂದು ಓದಿ ಎಳನೀರಿಗೆ ಕೈ ಚಾಚಿದರು. ಹೈದರ್ ತಲೆಯೆತ್ತಿ ಹುಣಿಸೆ ಮರಗಳನ್ನು ನೋಡಿದರು. ಆಮೇಲೆ ಕಂಬವನ್ನು. ಆಮೇಲೆ ವೆಂಕಟರಮಣಪ್ಪನವರನ್ನು.

ಚಿಕ್ಕವೆಂಕಟಪ್ಪ ತನ್ನ ಪುಸ್ತಕ ಮುಂದಿಟ್ಟ. ಹೈದರ್ ಕಣ ಹತ್ತಿದರು, ತಮ್ಮೆದುರಿಗೇ ಐದು ಸಲ ತೂರಿಸಿದರು, ತಾವೇ ಹಗ್ಗ ಹಿಡಿದು ಅಳೆದರು. ಪುಟ ತಿರುಗಿಸುತ್ತಾ ಒಂದು ಕಡೆ ಅವರ ಬೆರಳು ನಿಂತಿತು.

“ಏನ್ ಯಜಮಾನ್ರೇ, ಮಾರ್ಚ್, ಏಪ್ರಿಲ್ ಎರಡು ತಿಂಗಳು ಖಾಲಿ ಬಿಟ್ಟಿದ್ದೀರಲ್ಲ?”

ಆ ಎರಡು ತಿಂಗಳಲ್ಲೇ ಬಾವಿಯ ನೀರು ತಳಕ್ಕೆ ಇಳಿಯುವುದು, ಮುತ್ತಮ್ಮ ಕೊನೆಯ ಮೆಟ್ಟಿಲವರೆಗೂ ಹೋಗಬೇಕಾಗುವುದು. ಹದಿಮೂರು ಗಂಟು, ಹದಿನಾಲ್ಕು ಗಂಟು ಎಂದು ಬಾಯಿಗೆ ಬಂದದ್ದು ಹೇಳಿದ್ದರೆ ಕೇಳುವವರು ಯಾರೂ ಇರಲಿಲ್ಲ. ನೋಡಿದ್ದವನು ಅವನೊಬ್ಬನೇ.

“ಖಾಲಿ ಅಲ್ಲ ಸಾರ್. ಆ ಎರಡು ತಿಂಗಳು ಹೊಟ್ಟು ನನ್ನ ಕಾಲ ಮೇಲೇ ಬಿತ್ತು. ಏನಂತ ಬರೀಲಿ?”

“ಸೊನ್ನೆ ಅಂತ ಬರೀರಿ,” ಎಂದರು ಹೈದರ್. ಅಲ್ಲೇ ಕೂತು ವರದಿ ಬರೆದರು: ಕಣದ ದಿಣ್ಣೆಯಲ್ಲಿ ಹತ್ತು ತಿಂಗಳು ಗಾಳಿ ಸಾಲುತ್ತದೆ, ಯಂತ್ರ ಹಾಕಬಹುದು, ಉಳಿದ ಎರಡು ತಿಂಗಳಿಗೆ ಒಂದು ಕೈಪಂಪು ಜೊತೆಗಿರಲಿ. ಊರಿನವರು ಅಂದಿನಿಂದಲೇ ತೊಟ್ಟಿ ಎಲ್ಲಿ ಕಟ್ಟುವುದೆಂದು ಜಗಳ ಶುರುಮಾಡಿದರು.

ಏಳು ತಿಂಗಳ ಮೇಲೆ ಮೇಲಿನ ಕಚೇರಿಯ ಉತ್ತರ ಬಂತು. ಅಧಿಕೃತ ಸ್ಥಳದಲ್ಲಿ ಗಾಳಿ ಸಾಲದು. ಕಣದಲ್ಲಿ ಹೊಟ್ಟಿನಿಂದ ಮಾಡಿದ ಹತ್ತು ತಿಂಗಳ ಅಳತೆ ಅನಧಿಕೃತವಾದ್ದರಿಂದ ಪರಿಗಣಿಸಲು ಬರುವುದಿಲ್ಲ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅಲ್ಲಿ ಗಾಳಿಯೇ ಇಲ್ಲವೆಂದು ವೀಕ್ಷಕನೇ ಒಪ್ಪಿಕೊಂಡಿರುವುದನ್ನು ಮಾತ್ರ ದಾಖಲಿಸಿಕೊಳ್ಳಲಾಗಿದೆ. ಯೋಜನೆ ಕೈಬಿಡಲಾಗಿದೆ.

ಚಿಕ್ಕವೆಂಕಟಪ್ಪ ಅದನ್ನು ಎರಡು ಸಲ ಓದಿಸಿಕೊಂಡ. ಅವನ ಹತ್ತು ತಿಂಗಳ ನಿಜ ಅವರಿಗೆ ಸುಳ್ಳಾಗಿತ್ತು. ಎರಡು ತಿಂಗಳದ್ದು ಮಾತ್ರ ಅಪ್ಪಟ ನಿಜವಾಗಿತ್ತು.

“ಎರಡು ತಿಂಗಳು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತಯ್ಯಾ?” ಎಂದಳು ಮುತ್ತಮ್ಮ.

“ಹೇಳಿ ಯಂತ್ರ ಬಂದಿದ್ರೂ ಕೈಪಂಪು ಬರ್ತಿರ್ಲಿಲ್ಲ. ಬಿಸಿಲುಗಾಲದಲ್ಲಿ ನಲವತ್ತು ಮನೆಯೋರು ತಿರುಗ್ದಿರೋ ಯಂತ್ರದ ಕೆಳಗೆ ನಿಂತು ನನ್ನ ಬೈಯೋರು.”

“ಈಗ ನಾನೊಬ್ಳೇ ಬೈತೀನಿ.”

ಮರುದಿನ ಬೆಳಿಗ್ಗೆ ಅವನು ಒಂದು ಬಿದಿರಿನ ಎರಡು ತುದಿಗೆ ಹಗ್ಗದಲ್ಲಿ ಬಿಂದಿಗೆ ಕಟ್ಟಿ, ಹೆಗಲ ಮೇಲಿಟ್ಟುಕೊಂಡು ಬಾವಿಗೆ ಇಳಿದ. ಆ ಊರಿನಲ್ಲಿ ಗಂಡಸರು ಬಾವಿಗೆ ಇಳಿಯುತ್ತಿದ್ದುದು ಸ್ನಾನಕ್ಕೆ ಮಾತ್ರ. ಬಾವಿಕಟ್ಟೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ದಾರಿ ಬಿಟ್ಟರು. ಏರಿನ ಮೇಲೆ ಹಲ್ಲುಜ್ಜುತ್ತಾ ನಿಂತಿದ್ದ ಪಕ್ಕದ ಮನೆಯ ರಾಮಾಂಜಿನಪ್ಪ ಕೂಗಿದ: “ಏನಣ್ಣೋ, ಬಂದ್ಬಿಡ್ತಾ ಗಾಳಿಯಂತ್ರ?”

“ಬಂತು ಕಣ್ಲಾ. ಇದು ಏಪ್ರಿಲ್‌ನಾಗೂ ತಿರುಗ್ತೈತೆ. ನಿಮ್ಮನೇಗೂ ಒಂದು ಬೇಕಾದ್ರೆ ನೀನೇ ಐದೀಯಲ್ಲ.”

ರಾಮಾಂಜಿನಪ್ಪನ ಹೆಂಡತಿ ಒಳಗಿನಿಂದ ಜೋರಾಗಿ ನಕ್ಕದ್ದು ಬೀದಿಗೆಲ್ಲ ಕೇಳಿಸಿತು.

ಮುತ್ತಮ್ಮ ಬಾಗಿಲಲ್ಲಿ ನಿಂತು ಬಿಂದಿಗೆಗಳೊಳಗೆ ಇಣುಕಿದಳು. “ಅರ್ಧ ನೀರು ದಾರಿಗೇ ಕುಡಿಸ್ಕೊಂಡು ಬಂದಿದ್ದೀಯಲ್ಲಯ್ಯಾ!”

“ಇನ್ನೊಂದ್ಸಲ ಹೋಗ್ತೀನಿ ಬಿಡು,” ಎಂದು ಅವನು ಬಿದಿರನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.